ಏಳು ಜನರ ವರ್ಕ್‌ಶಾಪ್‌ಗೆ ಎಷ್ಟು ಭಾರದ ಸಾಫ್ಟ್‌ವೇರ್?

ಪ್ರಶ್ನೆ: ಕಾಮಾಕ್ಷಿಪಾಳ್ಯದಲ್ಲಿ ನಮ್ಮದೊಂದು ಸಣ್ಣ ಇಂಟೀರಿಯರ್ ವರ್ಕ್‌ಶಾಪ್ ಇದೆ. ನನ್ನನ್ನೂ ಸೇರಿಸಿ ಏಳು ಜನ. ಒಂದೇ ಹೊತ್ತಿನಲ್ಲಿ ನಾಲ್ಕೈದು ಮನೆಗಳ ಕೆಲಸ ನಡೆದಿರುತ್ತದೆ. ಎಸ್.ಪಿ. ರಸ್ತೆಯಲ್ಲಿ ಕೊಂಡ ಎರಡು ಹಳೆಯ ಕಂಪ್ಯೂಟರ್‌ಗಳಿವೆ. ಎರಡರಲ್ಲೂ 4 ಜಿಬಿ ಮೆಮೊರಿ, ಲಿನಕ್ಸ್ ಮಿಂಟ್ ಹಾಕಿಸಿದ್ದೇವೆ. ಕೆಲಸದ ಲೆಕ್ಕವೆಲ್ಲ ಗೋಡೆಯ ಬಿಳಿ ಬೋರ್ಡಿನಲ್ಲಿ ಮತ್ತು ಹಳೆಯ ಎಕ್ಸೆಲ್ ಹಾಳೆಗಳಲ್ಲಿ. ಕಳೆದ ವರ್ಷ ದೊಡ್ಡದೊಂದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಹಾಕಿ ನೋಡಿದೆವು. ಕಂಪ್ಯೂಟರ್ ತೆವಳತೊಡಗಿತು, ಮೂರೇ ವಾರಕ್ಕೆ ಕೈಬಿಟ್ಟೆವು. ಅಕ್ಕನ ಮಗನಿಗೆ ಪೈಥಾನ್ ಬರುತ್ತದೆ. ‘ನಾವೇ ಒಂದು ಬರೆದುಕೊಳ್ಳೋಣ’ ಎನ್ನುತ್ತಾನೆ. ಬರೆಯುವುದು ಸರಿಯೇ, ಇರುವುದನ್ನೇ ನಮಗೆ ಹೊಂದಿಸಿಕೊಳ್ಳುವುದು ಮೇಲೇ? ಕನ್ನಡದಲ್ಲಿ ಕೆಲಸ ಮಾಡಬೇಕು ಎಂಬುದೊಂದೇ ನಮ್ಮ ಹಟ.

ಉತ್ತರ: ಅಕ್ಕನ ಮಗನ ಉತ್ಸಾಹಕ್ಕೆ ತಣ್ಣೀರೆರಚಬೇಡಿ, ಆದರೆ ಒಂದು ತಿಂಗಳು ಅವನ ಕೈ ಹಿಡಿದು ನಿಲ್ಲಿಸಿ. ಈಗಲೇ ಬಿಟ್ಟರೆ ಅವನು ಮೊದಲು ಲಾಗಿನ್ ಪುಟ ಬರೆಯುತ್ತಾನೆ, ಆಮೇಲೆ ಪಾಸ್‌ವರ್ಡ್ ಮರೆತವರಿಗೊಂದು ಪುಟ, ಆಮೇಲೆ ಬಣ್ಣ ಬಣ್ಣದ ಗುಂಡಿಗಳು. ಇವೆಲ್ಲ ಜಗತ್ತಿನಲ್ಲಿ ಸಾವಿರ ಸಲ ಬರೆದಾಗಿದೆ. ನಿಮ್ಮ ವರ್ಕ್‌ಶಾಪ್‌ಗೆ ಬೇಕಾದ, ಆದರೆ ಎಲ್ಲಿಯೂ ಸಿದ್ಧವಾಗಿ ಸಿಗದ ಒಂದು ಸಣ್ಣ ತುಂಡು ಇದೆ. ಅವನು ಬರೆಯಬೇಕಾದದ್ದು ಅದನ್ನು ಮಾತ್ರ. ಅದು ಏನೆಂದು ಹೇಳುವ ಮೊದಲು, ಆ ಮೂರು ವಾರಗಳಲ್ಲಿ ಏನಾಯಿತು ಎಂಬುದನ್ನು ನೋಡೋಣ.

ಕಂಪ್ಯೂಟರ್ ತೆವಳಿದ್ದರಲ್ಲಿ ಆಶ್ಚರ್ಯವಿಲ್ಲ. ಉದಾಹರಣೆಗೆ ಓಪನ್‌ಪ್ರಾಜೆಕ್ಟ್ ಒಳ್ಳೆಯ ತಂತ್ರಾಂಶವೇ, ಆದರೆ ಅದು ತನ್ನ ಸರ್ವರ್‌ಗೇ 4 ಜಿಬಿ ಮೆಮೊರಿ ಕೇಳುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಇರುವುದೇ ಅಷ್ಟು. ಮಿಂಟ್‌ನ ಪರದೆ, ಬ್ರೌಸರ್, ಬಿಲ್ ಹಾಕುವ ಹಾಳೆ ಎಲ್ಲಿಗೆ ಹೋಗಬೇಕು? ಆದರೆ ನನ್ನನ್ನು ಕೇಳಿದರೆ, 16 ಜಿಬಿ ಇದ್ದಿದ್ದರೂ ನೀವು ಅದನ್ನು ಬಿಡುತ್ತಿದ್ದಿರಿ, ಮೂರು ವಾರದ ಬದಲು ಆರು ವಾರಕ್ಕೆ. ಅಂಥ ತಂತ್ರಾಂಶದಲ್ಲಿ ಒಂದು ಹೊಸ ಕೆಲಸ ಸೇರಿಸುವ ಪುಟವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಹೆಸರು, ಬಗೆ, ಸ್ಥಿತಿ, ಆದ್ಯತೆ, ಮಾಡುವವರು, ಹೊಣೆಗಾರರು, ಆರಂಭ, ಮುಕ್ತಾಯ, ಅಂದಾಜು ಗಂಟೆ, ಉಳಿದ ಗಂಟೆ, ಶೇಕಡಾ ಎಷ್ಟು ಮುಗಿದಿದೆ. ಅಡುಗೆಮನೆಯ ಕ್ಯಾಬಿನೆಟ್ ಶೇ 60 ಮುಗಿದಿದೆಯೋ 65 ಮುಗಿದಿದೆಯೋ ಎಂದು ಮೇಸ್ತ್ರಿಯನ್ನು ಕೇಳಿದರೆ ಅವನು ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾನೆ. ಕೊನೆಗೆ ರಾತ್ರಿ ಒಂಬತ್ತೂವರೆಗೆ ಷಟರ್ ಎಳೆದ ಮೇಲೆ ಕುಳಿತು ಅದನ್ನೆಲ್ಲ ತುಂಬಿದವರು ನೀವೊಬ್ಬರೇ ಇರಬೇಕು.

ತಂತ್ರಾಂಶದ ಭಾರವನ್ನು ನಾನು ಅಲ್ಲಿ ತೂಗುತ್ತೇನೆ. ಮೆಮೊರಿ ಎಷ್ಟು ತಿನ್ನುತ್ತದೆ ಎಂಬುದು ಎರಡನೆಯ ಮಾತು. ಅದಕ್ಕೆ ದಿನವೂ ಉಣಿಸಬೇಕಾದವರು ಯಾರು, ಎಷ್ಟು ಹೊತ್ತು ಎಂಬುದು ಮೊದಲನೆಯದು. ಏಳು ಜನರ ಜಾಗದಲ್ಲಿ ದಿನದ ದಾಖಲೆಯೆಲ್ಲ ಸಂಜೆಯ ಚಹಾ ಆರುವುದರೊಳಗೆ ಮುಗಿಯಬೇಕು. ಒಂದು ಕೆಲಸಕ್ಕೆ ನಾಲ್ಕು ಸಂಗತಿ ಸಾಕು: ಏನು, ಯಾರು, ಎಷ್ಟು ದಿನ, ಯಾವುದರ ನಂತರ. ಸ್ಥಿತಿಗೂ ಮೂರೇ ಮಾತು: ಆಗಬೇಕು, ನಡೆಯುತ್ತಿದೆ, ಆಯಿತು. ಶೇಕಡಾವಾರು ಬೇಡವೇ ಬೇಡ.

ಈಗ ಬಿಳಿ ಬೋರ್ಡಿನ ಮುಂದೆ ನಿಲ್ಲಿ. ಇಂದು ಯಾರು ಯಾವ ಮನೆಗೆ ಹೋಗಬೇಕು ಎಂಬುದು ಅದರಲ್ಲಿದೆ. ಪ್ಲೈವುಡ್ ಬಂತೇ, ಹಿಂಜ್ ಬಾಕಿಯೇ ಎಂಬುದೂ ಇದೆ. ಯಾವ ಮನೆಯ ಗೃಹಪ್ರವೇಶದ ಮುಹೂರ್ತ ಕೈತಪ್ಪುವ ಹಾದಿಯಲ್ಲಿದೆ ಎಂಬುದು ಮಾತ್ರ ಅದರಲ್ಲಿಲ್ಲ, ಇರಲು ಸಾಧ್ಯವೂ ಇಲ್ಲ. ಯಾಕೆಂದರೆ ಅದು ಬರೆದಿಡುವ ವಿಷಯವಲ್ಲ, ಲೆಕ್ಕ ಹಾಕಿ ತೆಗೆಯುವ ವಿಷಯ. ಕಂಪ್ಯೂಟರ್ ನಿಮ್ಮ ಬೋರ್ಡಿಗಿಂತ ಮೇಲು ಎನ್ನಿಸಿಕೊಳ್ಳುವುದು ಆ ಒಂದು ಜಾಗದಲ್ಲಿ.

ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿಬಿಡೋಣ. ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಒಂದು ಮನೆ. ಅಳತೆಗೆ 1 ದಿನ. ನಕ್ಷೆಗೆ ಮನೆಯವರ ಒಪ್ಪಿಗೆ 4 ದಿನ (ಲ್ಯಾಮಿನೇಟ್ ಬಣ್ಣದ ಚರ್ಚೆಯೂ ಇದರಲ್ಲೇ ಸೇರಿದೆ, ಹಾಗಾಗಿ 4 ಎಂಬುದು ಆಶಾವಾದ). ಒಪ್ಪಿಗೆಯಾದ ಮೇಲೆ ಕೆಲಸ ಎರಡು ದಾರಿಗಳಲ್ಲಿ ಕವಲೊಡೆಯುತ್ತದೆ. ವರ್ಕ್‌ಶಾಪ್ ಕಡೆಯ ದಾರಿ: ಪ್ಲೈವುಡ್, ಲ್ಯಾಮಿನೇಟ್ ಖರೀದಿ 3 ದಿನ, ಪೆಟ್ಟಿಗೆಗಳನ್ನು ಕಟ್ಟುವುದು 12 ದಿನ. ಮನೆಯ ಕಡೆಯ ದಾರಿ: ವೈರಿಂಗ್ 3, ಫಾಲ್ಸ್ ಸೀಲಿಂಗ್ 6, ಪೇಂಟ್‌ನ ಮೊದಲ ಕೋಟುಗಳು 4. ಎರಡೂ ಮುಗಿದ ಮೇಲೆ ಮನೆಯಲ್ಲಿ ಜೋಡಣೆ 5 ದಿನ, ಕಡೆಯ ಕೋಟ್ ಮತ್ತು ಸ್ವಚ್ಛತೆ 3 ದಿನ.

ವರ್ಕ್‌ಶಾಪ್ ದಾರಿ ಕೂಡಿಸಿ: 1, 4, 3, 12, 5, 3. ಒಟ್ಟು 28 ದಿನ. ಮನೆಯ ದಾರಿ: 1, 4, 3, 6, 4, 5, 3. ಒಟ್ಟು 26. ಅಂದರೆ ಮನೆ ಮುಗಿಯಲು 28 ದಿನ ಬೇಕು, ಮತ್ತು ವರ್ಕ್‌ಶಾಪ್ ದಾರಿಯಲ್ಲಿ ಎಲ್ಲಿಯಾದರೂ ಒಂದು ದಿನ ಜಾರಿದರೆ ಇಡೀ ಮನೆ ಒಂದು ದಿನ ಜಾರುತ್ತದೆ. ಮನೆಯ ದಾರಿಯಲ್ಲಿ 2 ದಿನದ ಸಡಿಲವಿದೆ. ಇಲ್ಲಿ ಬಹಳ ಜನ ಎಡವುತ್ತಾರೆ: ಈ 2 ದಿನ ಎಲೆಕ್ಟ್ರಿಷಿಯನ್‌ಗೆ ಎರಡು, ಸೀಲಿಂಗಿನವರಿಗೆ ಎರಡು, ಪೇಂಟರ್‌ಗೆ ಎರಡು ಅಲ್ಲ. ಮೂವರಿಗೂ ಸೇರಿ ಎರಡೇ. ಎಲೆಕ್ಟ್ರಿಷಿಯನ್ ಅದನ್ನು ತಿಂದು ಮುಗಿಸಿದರೆ ಪೇಂಟರ್‌ಗೆ ಏನೂ ಉಳಿಯುವುದಿಲ್ಲ.

ಇನ್ನು ಕ್ಯಾಲೆಂಡರ್. ಮುಹೂರ್ತ ಒಂದು ಶುಕ್ರವಾರ ಎಂದುಕೊಳ್ಳಿ. ಗುರುವಾರ ಸಂಜೆಗೆ ಕೀ ಕೊಡಬೇಕು. ಭಾನುವಾರಗಳನ್ನು ಬಿಟ್ಟು 28 ಕೆಲಸದ ದಿನ ಹಿಂದಕ್ಕೆ ಎಣಿಸಿದರೆ ನಾಲ್ಕು ವಾರ ದಾಟಿ ಅದರ ಹಿಂದಿನ ಸೋಮವಾರಕ್ಕೆ ಬರುತ್ತೀರಿ. ಕ್ಯಾಲೆಂಡರಿನ ಲೆಕ್ಕದಲ್ಲಿ 32 ದಿನ. ನಡುವೆ ರಾಜ್ಯೋತ್ಸವವೋ ಆಯುಧಪೂಜೆಯೋ ವಾರದ ನಡುವೆ ಬಿದ್ದರೆ ಸೋಮವಾರ ಸಾಲದು, ಅದಕ್ಕೂ ಮೊದಲ ಶನಿವಾರವೇ ಟೇಪು ಹಿಡಿದು ಹೋಗಿರಬೇಕು. ಹೀಗೆ ಹಿಂದಿನಿಂದ ಎಣಿಸುವುದನ್ನು ನೀವು ಮನಸ್ಸಿನಲ್ಲಿ ದಿನವೂ ಮಾಡುತ್ತೀರಿ. ಒಂದು ಮನೆಗೆ ತಲೆ ಸಾಕು. ಐದು ಮನೆಗೆ, ಅದೂ ಆಷಾಢ ಕಳೆದು ಶ್ರಾವಣದಲ್ಲಿ ಮುಹೂರ್ತಗಳೆಲ್ಲ ಒಟ್ಟಿಗೆ ಮುಗಿಬಿದ್ದಾಗ, ಸಾಲುವುದಿಲ್ಲ.

ಈ ವಿದ್ಯೆ ಹೊಸದೇನಲ್ಲ. ಕೆಲಸಗಳನ್ನು ಅಡ್ಡ ಪಟ್ಟಿಗಳಾಗಿ ಬರೆಯುವ ಚಿತ್ರವನ್ನು 1910ರ ದಶಕದಲ್ಲಿ ಹೆನ್ರಿ ಗ್ಯಾಂಟ್ ಜನಪ್ರಿಯಗೊಳಿಸಿದ. ಅತಿ ಉದ್ದದ ದಾರಿಯನ್ನು ಹುಡುಕುವ ಲೆಕ್ಕ 1957ರ ಸುಮಾರಿಗೆ ಅಮೆರಿಕದ ಡ್ಯೂಪಾಂಟ್ ಕಂಪನಿಯ ರಾಸಾಯನಿಕ ಕಾರ್ಖಾನೆಗಳಿಗಾಗಿ ಹುಟ್ಟಿತು. ಮಾರ್ಗನ್ ವಾಕರ್ ಮತ್ತು ಜೇಮ್ಸ್ ಕೆಲ್ಲಿ ಅದನ್ನು ರೂಪಿಸಿದರು, ಲೆಕ್ಕ ನಡೆದದ್ದು ಯೂನಿವ್ಯಾಕ್ ಕಂಪ್ಯೂಟರಿನಲ್ಲಿ. ಮೊದಲ ಯೂನಿವ್ಯಾಕ್‌ನ ಮುಖ್ಯ ಮೆಮೊರಿ 12 ಅಕ್ಷರಗಳ 1000 ಪದಗಳಷ್ಟೇ. ಆದ್ದರಿಂದ 4 ಜಿಬಿ ಈ ಕೆಲಸಕ್ಕೆ ಕಡಿಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೆಮೊರಿ ತಿನ್ನುವುದು ಲೆಕ್ಕವಲ್ಲ, ಲೆಕ್ಕದ ಸುತ್ತ ಕಟ್ಟಿದ ಅರಮನೆ.

ಹಗುರವಾದ ಸಿದ್ಧ ತಂತ್ರಾಂಶಗಳು ಲಿನಕ್ಸ್‌ನಲ್ಲಿ ಹಲವಿವೆ. ಗ್ನೋಮ್ ಬಳಗದ ಪ್ಲ್ಯಾನರ್ ಎಂಬುದು ಹಿಂದೆ ಮಿಸ್ಟರ್‌ಪ್ರಾಜೆಕ್ಟ್ ಎಂಬ ಹೆಸರಿನಲ್ಲಿತ್ತು. ಸಿ ಭಾಷೆಯಲ್ಲಿ ಬರೆದದ್ದು, ನಿಮ್ಮ ಯಂತ್ರದಲ್ಲೂ ಕ್ಷಣದಲ್ಲಿ ತೆರೆದುಕೊಳ್ಳುತ್ತದೆ. ಮೇಲಿನ ಮನೆಯ ಲೆಕ್ಕವನ್ನು ಅದರಲ್ಲಿ ಹತ್ತು ನಿಮಿಷದಲ್ಲಿ ಬರೆದು ಗ್ಯಾಂಟ್ ಚಿತ್ರ ನೋಡಬಹುದು. ಕಡತ ಎಕ್ಸ್‌ಎಂಎಲ್ ರೂಪದಲ್ಲಿರುವುದರಿಂದ ಅಕ್ಕನ ಮಗ ಅದನ್ನು ಪೈಥಾನ್‌ನಿಂದ ಓದಬಲ್ಲ. ಆದರೆ ಅದು ಒಬ್ಬರೇ ಕುಳಿತು ಬಳಸುವಂಥದ್ದು. ಇಬ್ಬರು ಒಂದೇ ಕಡತ ತೆರೆದರೆ ಕೊನೆಗೆ ಉಳಿಸಿದವರ ಮಾತೇ ಉಳಿಯುತ್ತದೆ. ಗ್ಯಾಂಟ್‌ಪ್ರಾಜೆಕ್ಟ್, ಪ್ರಾಜೆಕ್ಟ್‌ಲಿಬ್ರೆ ಎರಡೂ ಜಾವಾದಲ್ಲಿವೆ. ಗಿರಾಕಿ ಕಡೆಯ ಎಂಜಿನಿಯರ್ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ಕಡತ ಕಳಿಸಿದಾಗ ತೆರೆಯಲು ಪ್ರಾಜೆಕ್ಟ್‌ಲಿಬ್ರೆ ಇಟ್ಟುಕೊಳ್ಳಿ, ದಿನದ ಬಳಕೆಗೆ ಬೇಡ.

ನನಗೆ ವೈಯಕ್ತಿಕವಾಗಿ ಪ್ರಿಯವಾದದ್ದು ಟಾಸ್ಕ್‌ಜಗ್ಲರ್. ಅದರಲ್ಲಿ ಗುಂಡಿಗಳೇ ಇಲ್ಲ. ಕೆಲಸಗಳನ್ನು, ಜನರನ್ನು, ರಜೆಗಳನ್ನು ಸಾದಾ ಪಠ್ಯದಲ್ಲಿ ಬರೆಯುತ್ತೀರಿ, ಆಜ್ಞೆ ಕೊಟ್ಟರೆ ವೇಳಾಪಟ್ಟಿ ವೆಬ್ ಪುಟವಾಗಿ ಹೊರಬರುತ್ತದೆ. ಒಬ್ಬ ಬಡಗಿ ಒಂದೇ ದಿನ ಎರಡು ಮನೆಯಲ್ಲಿ ಇರಲಾರ ಎಂಬುದು ಅದಕ್ಕೆ ಗೊತ್ತು. ಆದರೆ ಒಂದು ಆವರಣ ಚಿಹ್ನೆ ತಪ್ಪಿದರೂ ರೇಗುವ ಇಂಥ ಕಡತವನ್ನು ನಿಮ್ಮ ಮೇಸ್ತ್ರಿ ತಿದ್ದುತ್ತಾನೆಂದು ನಾನು ಹೇಳಿದರೆ ಅದು ನನ್ನ ಪ್ರೀತಿಯ ಮಾತಾಗುತ್ತದೆಯೇ ಹೊರತು ಸಲಹೆಯಲ್ಲ.

ಹಾಗಾಗಿ ನಿಮಗೆ ಹೇಳುವುದು ಕಾನ್‌ಬೋರ್ಡ್, ಬಿಳಿ ಬೋರ್ಡಿನಂತೆಯೇ ಕೆಲಸಗಳನ್ನು ಕಂಬಗಳಲ್ಲಿ (ಕಾಲಂಗಳಲ್ಲಿ) ಚೀಟಿಗಳಂತೆ ಜೋಡಿಸಿಡುವ ತಂತ್ರಾಂಶ. ಪಿಎಚ್‌ಪಿಯಲ್ಲಿ ಬರೆದದ್ದು, ದತ್ತಾಂಶವನ್ನೆಲ್ಲ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಒಂದೇ ಕಡತದಲ್ಲಿ ಇಟ್ಟುಕೊಳ್ಳುತ್ತದೆ, 4 ಜಿಬಿ ಯಂತ್ರಕ್ಕೆ ಅದು ಇದೆಯೆಂದೇ ತಿಳಿಯುವುದಿಲ್ಲ. ಒಂದು ಕಂಪ್ಯೂಟರಿನಲ್ಲಿ ಹಾಕಿ. ಇನ್ನೊಂದು ಕಂಪ್ಯೂಟರ್ ಮತ್ತು ಮೇಸ್ತ್ರಿಯ ಮೊಬೈಲ್ ವರ್ಕ್‌ಶಾಪ್‌ನ ವೈಫೈ ಮೂಲಕ ಬ್ರೌಸರ್‌ನಲ್ಲಿ ಅದನ್ನು ತೆರೆಯುತ್ತವೆ. ಹಾಕಿದ ಕೂಡಲೇ ‘ಅಡ್ಮಿನ್’ ಎಂಬ ಹೆಸರಿಗೆ ‘ಅಡ್ಮಿನ್’ ಎಂಬುದೇ ಗುಪ್ತಪದವಾಗಿರುತ್ತದೆ, ಅದನ್ನು ಅದೇ ಕ್ಷಣ ಬದಲಿಸಿ. ಕಾನ್‌ಬೋರ್ಡ್ ಈಗ ನಿರ್ವಹಣೆಯ ಹಂತದಲ್ಲಿದೆ, ದೊಡ್ಡ ಹೊಸ ಸೌಲಭ್ಯಗಳು ಬರುವುದಿಲ್ಲ ಎಂದು ಅದನ್ನು ಬರೆದವರೇ ಹೇಳಿಬಿಟ್ಟಿದ್ದಾರೆ. ಕೆಲವರಿಗೆ ಇದು ದೋಷ. ಪ್ರತಿ ಮೂರು ತಿಂಗಳಿಗೊಮ್ಮೆ ಗುಂಡಿಗಳ ಜಾಗ ಬದಲಾಗುವ ತಂತ್ರಾಂಶಗಳನ್ನು ಸಾಕಷ್ಟು ನೋಡಿರುವ ನನಗೆ ಇದೇ ಗುಣ.

ಬೋರ್ಡನ್ನು ಹೊಂದಿಸುವ ಬಗೆ ಹೀಗೆ. ಮನೆಗೊಂದು ಪ್ರತ್ಯೇಕ ಪ್ರಾಜೆಕ್ಟ್ ಮಾಡಬೇಡಿ. ಒಂದೇ ಬೋರ್ಡ್, ಅದರಲ್ಲಿ ಮನೆಗೊಂದು ಅಡ್ಡಪಟ್ಟಿ. ಕಂಬಗಳಿಗೆ ಹೆಸರು ಕೊಡುವವರು ನೀವೇ ಆದ್ದರಿಂದ ಅನುವಾದದ ಗೊಡವೆಯೇ ಇಲ್ಲ: ‘ಆಗಬೇಕು’, ‘ಸಾಮಾನು ಬಂದಿದೆ’, ‘ನಡೆಯುತ್ತಿದೆ’, ‘ಆಯಿತು’ ಎಂದು ಕನ್ನಡದಲ್ಲೇ ಬರೆಯಿರಿ. ಮೊದಲು ಹೇಳಿದ ಮೂರು ಸ್ಥಿತಿಗಳ ಜತೆಗೆ ಸೇರಿಸಿದ ‘ಸಾಮಾನು ಬಂದಿದೆ’ ಎಂಬ ಕಂಬ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇರುವುದಿಲ್ಲ, ನಿಮಗೆ ಮಾತ್ರ ಅದೇ ಮುಖ್ಯ. ‘ನಡೆಯುತ್ತಿದೆ’ ಕಂಬಕ್ಕೆ ಮಿತಿ ಹಾಕಿ, ಆರು ಎಂದಿಟ್ಟುಕೊಳ್ಳಿ. ಏಳನೆಯದು ಬಂದರೆ ಕಂಬದ ಬಣ್ಣ ಬದಲಾಗುತ್ತದೆ. ತಡೆಯುವುದಿಲ್ಲ, ಎಚ್ಚರಿಸುತ್ತದೆ ಅಷ್ಟೇ. ಅಂದಾಜು ಗಂಟೆ ಎಂಬ ಖಾನೆಯಲ್ಲಿ ದಿನಕ್ಕೆ 8ರಂತೆ ಬರೆಯಿರಿ. ಯಾವುದರ ನಂತರ ಯಾವುದು ಎಂಬುದಕ್ಕೆ ಎರಡು ಕೆಲಸಗಳ ನಡುವೆ ‘ಇದರಿಂದ ತಡೆದಿದೆ’ ಎಂಬ ಅರ್ಥದ ಕೊಂಡಿ ಕಾನ್‌ಬೋರ್ಡ್‌ನಲ್ಲೇ ಇದೆ.

ಆದರೆ ಆ ಕೊಂಡಿಗಳನ್ನು ಇಟ್ಟುಕೊಂಡು ಕಾನ್‌ಬೋರ್ಡ್ ದಿನಾಂಕದ ಲೆಕ್ಕ ಹಾಕುವುದಿಲ್ಲ. ಆಯುಧಪೂಜೆ ಅದಕ್ಕೆ ಗೊತ್ತಿಲ್ಲ. ಹೋಳಿ ಹಬ್ಬಕ್ಕೆ ರಾಜಸ್ಥಾನ, ಉತ್ತರ ಪ್ರದೇಶದ ಬಡಗಿಗಳು ಊರಿಗೆ ಹೋದರೆ ಹತ್ತು ದಿನ ವರ್ಕ್‌ಶಾಪ್ ಅರ್ಧ ಖಾಲಿ ಎಂಬುದು ಗೊತ್ತಿಲ್ಲ. ಅಪಾರ್ಟ್‌ಮೆಂಟ್ ಸಂಘದವರು ಯಾವ ಹೊತ್ತಿನಲ್ಲಿ ಡ್ರಿಲ್ ಹೊಡೆಯಲು ಬಿಡುತ್ತಾರೆ ಎಂಬುದೂ ಗೊತ್ತಿಲ್ಲ. ಆರಂಭದಲ್ಲಿ ನಾನು ಹೇಳಿದ ಸಣ್ಣ ತುಂಡು ಇದು: ಕಾನ್‌ಬೋರ್ಡ್‌ನಿಂದ ಕೆಲಸಗಳನ್ನು ಓದಿ, ನಿಮ್ಮ ಕ್ಯಾಲೆಂಡರ್ ಸೇರಿಸಿ, ಮುಹೂರ್ತದಿಂದ ಹಿಂದಕ್ಕೆ ಎಣಿಸಿ, ಬೆಳಿಗ್ಗೆ ಒಂದು ಹಾಳೆ ಮುದ್ರಿಸುವ ಪೈಥಾನ್ ಕಾರ್ಯಕ್ರಮ. ಇನ್ನೂರು ಸಾಲಿನ ಆಸುಪಾಸಿನಲ್ಲಿ ಮುಗಿಯಬೇಕು. ಐದು ನೂರು ದಾಟಿದರೆ ಅವನು ಲಾಗಿನ್ ಪುಟ ಬರೆಯಲು ಶುರುಮಾಡಿದ್ದಾನೆ ಎಂದೇ ಅರ್ಥ.

ಅವನಿಗೆ ನೇರವಾಗಿ ಕೆಲವು ಮಾತು. ಹೊರಗಿನ ಯಾವ ಲೈಬ್ರರಿಯೂ ಬೇಡ, ಪೈಥಾನ್ ಜತೆಗೆ ಬರುವುದರಲ್ಲೇ ಎಲ್ಲ ಇದೆ. ಪೈಥಾನ್ 3.9ರಿಂದ ಗ್ರಾಫ್‌ಲಿಬ್ ಎಂಬ ಮಾಡ್ಯೂಲ್ ಇದೆ. ಯಾವುದರ ನಂತರ ಯಾವುದು ಎಂದು ಕೊಟ್ಟರೆ ಸರಿಯಾದ ಕ್ರಮದಲ್ಲಿ ಜೋಡಿಸಿ ಕೊಡುತ್ತದೆ. ಪೇಂಟ್ ಆದ ಮೇಲೆ ಜೋಡಣೆ, ಜೋಡಣೆ ಆದ ಮೇಲೆ ಪೇಂಟ್ ಎಂದು ಯಾರಾದರೂ ಸುತ್ತು ಹಾಕಿಬಿಟ್ಟರೆ ದೋಷ ಎತ್ತಿ ತೋರಿಸುತ್ತದೆ. ಆ ದೋಷವನ್ನು ನುಂಗಬೇಡ, ಹಾಳೆಯ ತಲೆಯಲ್ಲೇ ದೊಡ್ಡದಾಗಿ ಅಚ್ಚುಮಾಡು. ಕ್ರಮ ಸಿಕ್ಕಿದ ಮೇಲೆ ಒಂದು ಸಲ ಮುಂದಕ್ಕೆ ನಡೆದು ಪ್ರತಿ ಕೆಲಸ ಬೇಗನೆಂದರೆ ಯಾವಾಗ ಮುಗಿಯಬಹುದು ಎಂದು ಬರೆ, ಇನ್ನೊಂದು ಸಲ ಮುಹೂರ್ತದಿಂದ ಹಿಂದಕ್ಕೆ ನಡೆದು ತಡವೆಂದರೆ ಯಾವಾಗ ಮುಗಿಯಬೇಕು ಎಂದು ಬರೆ. ಎರಡರ ಅಂತರವೇ ಸಡಿಲ. ದಿನಗಳನ್ನು ಕೂಡಿಸುವ ಕೆಲಸವನ್ನು ಒಂದೇ ಒಂದು ಫಂಕ್ಷನ್ ಮಾಡಲಿ. ಭಾನುವಾರ, ಹಬ್ಬ, ರಜೆ ಎಲ್ಲವೂ ಅದರೊಳಗಿರಲಿ. ಉಳಿದ ಕಡೆ ಎಲ್ಲಿಯಾದರೂ ದಿನಾಂಕಕ್ಕೆ ಒಂದು ಕೂಡಿಸಿದ್ದು ಕಂಡರೆ ಅದು ತಪ್ಪು.

ಐದು ಮನೆಗಳಿಗೆ ಬಡಗಿಗಳನ್ನು ತಾನೇ ಹಂಚುವ ಆಸೆ ಅವನಿಗೆ ಬಂದೇ ಬರುತ್ತದೆ. ಬೇಡ. ಸೀಮಿತ ಜನರನ್ನು ಹಂಚಿ ಅತ್ಯುತ್ತಮ ವೇಳಾಪಟ್ಟಿ ಕಂಡುಹಿಡಿಯುವುದು ಗಣಕ ವಿಜ್ಞಾನದಲ್ಲಿ ಕಠಿಣ ಸಮಸ್ಯೆಗಳ ಸಾಲಿಗೆ ಸೇರಿದ್ದು. ಅದನ್ನು ಬಿಡಿಸಿದರೂ, ಯಾವ ಬಡಗಿ ಯಾವ ಮೇಸ್ತ್ರಿಯ ಜತೆ ಮಾತು ಬಿಟ್ಟಿದ್ದಾನೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ‘ಬುಧವಾರ ಒಬ್ಬನೇ ಬಡಗಿಗೆ ಎರಡು ಮನೆ ಬಿದ್ದಿದೆ’ ಎಂದು ಹಾಳೆಯಲ್ಲಿ ತೋರಿಸಿದರೆ ಸಾಕು, ಬಿಡಿಸುವುದು ಯಜಮಾನರ ಕೆಲಸ.

ಕಾನ್‌ಬೋರ್ಡ್‌ನ ಮೂಲ ಕೋಡನ್ನು ಮುಟ್ಟಲೇಬಾರದು. ಹೊರಗಿನ ಕಾರ್ಯಕ್ರಮಗಳು ಮಾತಾಡಲೆಂದೇ ಅದರಲ್ಲಿ ಜೇಸನ್ ರೂಪದ ಎಪಿಐ ಇದೆ. ಸೆಟ್ಟಿಂಗ್ಸ್ ಪುಟದಲ್ಲಿ ಅದಕ್ಕೆ ಬೇಕಾದ ಟೋಕನ್ (ಗುಪ್ತ ಕೀಲಿ) ಸಿಗುತ್ತದೆ. ಮುಂದೆ ಪರದೆಯಲ್ಲೇ ಏನಾದರೂ ಬದಲಾವಣೆ ಬೇಕಾದರೆ ಪ್ಲಗಿನ್ ಆಗಿ ಬರೆಯಿರಿ. ಮೂಲವನ್ನೇ ತಿದ್ದಿದವರು ಮುಂದಿನ ಭದ್ರತಾ ಪರಿಷ್ಕರಣೆ ಬಂದ ದಿನ ತಮ್ಮ ತಿದ್ದುಪಡಿ ಉಳಿಸಿಕೊಳ್ಳಬೇಕೋ ಪರಿಷ್ಕರಣೆ ಹಾಕಿಕೊಳ್ಳಬೇಕೋ ಎಂದು ಒದ್ದಾಡುತ್ತಾರೆ, ಮತ್ತು ಸಾಮಾನ್ಯವಾಗಿ ಪರಿಷ್ಕರಣೆಯನ್ನೇ ಬಿಡುತ್ತಾರೆ.

ಬೆಳಗಿನ ಹಾಳೆಗೆ, ನಿಗದಿತ ಹೊತ್ತಿಗೆ ಕಾರ್ಯಕ್ರಮ ಓಡಿಸುವ ಲಿನಕ್ಸ್‌ನ ಹಳೆಯ ಕ್ರಾನ್ ಬಳಸಿದರೆ, ಎಂಟು ಗಂಟೆಗೆ ಕರೆಂಟ್ ಇರದಿದ್ದರೆ ಆ ದಿನದ ಹಾಳೆ ಹೋಯಿತು. ಅದೇ ಕೆಲಸ ಮಾಡುವ ಹೊಸ ಸಿಸ್ಟಮ್‌ಡಿ ಟೈಮರ್‌ನಲ್ಲಿ ‘ಪರ್ಸಿಸ್ಟೆಂಟ್’ ಎಂಬ ಆಯ್ಕೆ ಇದೆ. ತಪ್ಪಿಹೋದ ಕೆಲಸವನ್ನು ಕಂಪ್ಯೂಟರ್ ಎದ್ದ ಮೇಲೆ ಅದು ಮಾಡಿ ಮುಗಿಸುತ್ತದೆ. ನಮ್ಮ ಕರೆಂಟಿಗೆ ಅದೇ ಸರಿ.

ಈಗ ನನ್ನದೇ ಒಂದು ಮೂರ್ಖತನ ಹೇಳುತ್ತೇನೆ. ವರ್ಷಗಳ ಹಿಂದೆ ಪರಿಚಯದವರ ಮುದ್ರಣಾಲಯವೊಂದಕ್ಕೆ ಕೆಲಸ ದಾಖಲಿಸುವ ಸಣ್ಣ ತಂತ್ರಾಂಶ ಬರೆದುಕೊಟ್ಟೆ. ಸರ್ವರ್ ಎಲ್ಲ ಯಾಕೆ ಎಂದು ಎಸ್‌ಕ್ಯೂಲೈಟ್ ಕಡತವನ್ನು ಹಂಚಿಕೆಯ ಫೋಲ್ಡರ್‌ನಲ್ಲಿಟ್ಟು, ನಾಲ್ಕು ಕಂಪ್ಯೂಟರ್‌ಗಳಿಂದಲೂ ನೇರವಾಗಿ ಅದನ್ನೇ ತೆರೆಯುವಂತೆ ಮಾಡಿದೆ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಒಂದು ಸೋಮವಾರ, ಮದುವೆ ಸೀಸನ್ನಿನ ನಟ್ಟನಡುವೆ, ಇಬ್ಬರು ಒಂದೇ ಹೊತ್ತಿಗೆ ಬರೆದರು, ಕಡತ ಕೆಟ್ಟಿತು. ಲಗ್ನಪತ್ರಿಕೆಗಳ ಆರ್ಡರ್‌ಗಳನ್ನು ಇಡೀ ದಿನ ಕುಳಿತು ರಸೀದಿ ಪುಸ್ತಕದಿಂದ ಮತ್ತೆ ಹೊಡೆದೆವು. ನೆಟ್‌ವರ್ಕ್ ಫೋಲ್ಡರ್‌ಗಳಲ್ಲಿ ಕಡತದ ಬೀಗ ನಂಬುವಂತಿಲ್ಲ ಎಂದು ಎಸ್‌ಕ್ಯೂಲೈಟ್‌ನವರು ತಮ್ಮ ದಾಖಲೆಯಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ. ನಾನು ಓದಿರಲಿಲ್ಲ. ಕಡತವನ್ನು ಮುಟ್ಟುವುದು ಒಂದೇ ಯಂತ್ರದ ಒಂದೇ ಸರ್ವರ್ ಆಗಿರಲಿ, ಉಳಿದವರು ಬ್ರೌಸರ್ ಮೂಲಕ ಬರಲಿ ಎಂದು ಮೇಲೆ ಹೇಳಿದ್ದು ಅದಕ್ಕೇ.

ಬ್ಯಾಕಪ್‌ನಲ್ಲೂ ಇಂಥದೇ ಒಂದು ಹಳ್ಳ ಇದೆ. ಡೇಟಾಬೇಸ್ ನಡೆಯುತ್ತಿರುವಾಗ ಕಡತವನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ನಕಲು ಮಾಡಿದರೆ, ಇತ್ತೀಚಿನ ಬದಲಾವಣೆಗಳು ಹೊಸ ಬದಲಾವಣೆಗಳನ್ನು ಮೊದಲು ಬರೆದಿಡುವ ಪಕ್ಕದ ‘ವಾಲ್’ (WAL) ಕಡತದಲ್ಲೇ ಉಳಿದಿರಬಹುದು, ನಕಲಿಗೆ ಬರದೇ ಹೋಗಬಹುದು. ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಆಜ್ಞೆಯನ್ನೋ ‘ವ್ಯಾಕ್ಯೂಮ್ ಇನ್‌ಟು’ ಆಜ್ಞೆಯನ್ನೋ ಬಳಸಿದರೆ ಪೂರ್ಣ ಪ್ರತಿ ಸಿಗುತ್ತದೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಕನ್ನಡದ ಹಟದ ವಿಷಯ. ನಿಮ್ಮ ಹಳೆಯ ಎಕ್ಸೆಲ್ ಹಾಳೆಗಳು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿದ್ದರೆ, ಲಿನಕ್ಸ್‌ನಲ್ಲಿ ಅವು ಕನ್ನಡವಾಗಿ ಕಾಣುವುದಿಲ್ಲ. ವಿಚಿತ್ರ ಯುರೋಪಿಯನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಅವು ಅಕ್ಷರಗಳನ್ನಲ್ಲ, ಅಕ್ಷರದ ಚೂರುಗಳ ಚಿತ್ರಗಳನ್ನು ಇಟ್ಟುಕೊಂಡಿರುತ್ತವೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ: ‘ಖರ್ಚು’, ‘ಮಾರ್ಬಲ್’, ‘ಫರ್ನಿಚರ್’. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಇರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮುಂದೆ ಬರಬೇಕು; ಎಡವಟ್ಟಾಗುವುದು ಹೆಚ್ಚಾಗಿ ಅಲ್ಲಿಯೇ. ಟೈಪ್ ಮಾಡಲು ಐಬಸ್ ಎಂಬ ಕೀಲಿಮಣೆ ತಂತ್ರಾಂಶದ ಜತೆಗೆ ಎಂ17ಎನ್ ಎಂಬ ಭಾಷಾ ವಿನ್ಯಾಸಗಳ ಕಟ್ಟನ್ನೂ ಹಾಕಿಕೊಂಡರೆ ನುಡಿಯವರಿಗೆ ಪರಿಚಿತವಾದ ಕೆಜಿಪಿ ವಿನ್ಯಾಸವೇ ಸಿಗುತ್ತದೆ, ಹೊಸದಾಗಿ ಬೆರಳು ಪಳಗಿಸುವ ಕಷ್ಟವಿಲ್ಲ.

ಹುಡುಕಾಟದಲ್ಲಿ ಎರಡು ಬಲೆಗಳಿವೆ. ಒಬ್ಬರ ಮೊಬೈಲ್‌ನಲ್ಲಿ ‘ವಾರ್ಡ್‌ರೋಬ್’ ಎಂದು, ಇನ್ನೊಬ್ಬರದರಲ್ಲಿ ‘ವಾರ್ಡ್ರೋಬ್’ ಎಂದು ಬರುತ್ತದೆ.  ಮೊದಲನೆಯದರಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ನಮಗೆ ಒಂದೇ ಪದ, ಕಂಪ್ಯೂಟರ್‌ಗೆ ಎರಡು. ಹೋಲಿಸುವ ಮೊದಲು ಆ ಸಂಕೇತವನ್ನು ತೆಗೆದುಹಾಕಬೇಕು. ಎರಡನೆಯದು ಇನ್ನೂ ತಮಾಷೆಯದು. ಎಸ್‌ಕ್ಯೂಲೈಟ್‌ನ ಪೂರ್ಣಪಠ್ಯ ಹುಡುಕಾಟದ ಎಫ್‌ಟಿಎಸ್5, ಏನೂ ಹೇಳದೆ ಬಿಟ್ಟರೆ, ಕನ್ನಡದ ಗುಣಿತದ ಚಿಹ್ನೆಗಳನ್ನು ಪದ ಒಡೆಯುವ ಜಾಗವೆಂದು ತಿಳಿಯುತ್ತದೆ. ‘ಕೂಲಿ’ ಎಂಬುದು ಅದಕ್ಕೆ ‘ಕ’ ಮತ್ತು ‘ಲ’. ‘ಕಾಲು’ ಎಂಬುದೂ ‘ಕ’ ಮತ್ತು ‘ಲ’. ಕೂಲಿಯ ಲೆಕ್ಕ ಹುಡುಕಿದರೆ ಮೇಜಿನ ಕಾಲು ಸಿಗುತ್ತದೆ! ಯೂನಿಕೋಡ್61 ಎಂಬ ಅದರ ಪದವಿಂಗಡಕಕ್ಕೆ ಗುಣಿತದ ಚಿಹ್ನೆಗಳು ಸೇರುವ ‘ಎಂಎನ್’ (Mn), ‘ಎಂಸಿ’ (Mc) ಎಂಬ ಎರಡು ವರ್ಗಗಳನ್ನೂ ಅಕ್ಷರವೆಂದೇ ಪರಿಗಣಿಸು ಎಂದು ಹೇಳಿಕೊಟ್ಟರೆ ಸರಿಹೋಗುತ್ತದೆ. ಹಳೆಯ ಮನೆಗಳ ದಾಖಲೆ ಹುಡುಕುವ ಸೌಲಭ್ಯವನ್ನು ಅಕ್ಕನ ಮಗ ಮುಂದೊಂದು ದಿನ ಬರೆದರೆ ಇದು ನೆನಪಿರಲಿ.

ಮುದ್ರಣಕ್ಕೆ ನೇರವಾಗಿ ಪಿಡಿಎಫ್ ಬರೆಯುವ ಲೈಬ್ರರಿಗಳ ಸಹವಾಸ ಬೇಡ. ಅವುಗಳಲ್ಲಿ ಹಲವು ಒತ್ತಕ್ಷರಗಳನ್ನು ಜೋಡಿಸದೆ ಬಿಡಿಬಿಡಿಯಾಗಿ ಚೆಲ್ಲುತ್ತವೆ. ವೆಬ್ ಪುಟ ಬರೆದು ಬ್ರೌಸರ್‌ನಿಂದಲೇ ಮುದ್ರಿಸಿದರೆ ಬ್ರೌಸರ್‌ನೊಳಗೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ನೋಟೋ ಸಾನ್ಸ್ ಕನ್ನಡ ಅಥವಾ ಗುಬ್ಬಿ ಫಾಂಟ್ ಹಾಕಿ, ಅಕ್ಷರ 14 ಪಾಯಿಂಟ್‌ಗಿಂತ ಚಿಕ್ಕದಾಗದಿರಲಿ, ಮರದ ಪುಡಿಯ ನಡುವೆ ಓದಬೇಕಲ್ಲ. ಕನ್ನಡ ಓದಲು ಬಾರದ ಬಡಗಿಗಳೂ ನಿಮ್ಮಲ್ಲಿ ಇರಬಹುದು. ಮನೆಗೊಂದು ದೊಡ್ಡ ಸಂಖ್ಯೆ, ಉಳಿದ ಸಡಿಲಕ್ಕೆ ಅಷ್ಟು ಕಪ್ಪು ಚುಕ್ಕೆ. ಚುಕ್ಕೆ ಇಲ್ಲದ ಸಾಲು ಎಂದರೆ ಇಂದು ಜಾರುವಂತಿಲ್ಲ ಎಂದು ಮೊದಲ ದಿನವೇ ಹೇಳಿಕೊಡಿ.

ಲೈಸೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾನ್‌ಬೋರ್ಡ್ ಎಂಐಟಿ ಲೈಸೆನ್ಸಿನದು, ಬಹುತೇಕ ಯಾವ ಕಟ್ಟುಪಾಡೂ ಇಲ್ಲ. ಪ್ಲ್ಯಾನರ್, ಟಾಸ್ಕ್‌ಜಗ್ಲರ್ ಜಿಪಿಎಲ್‌ನವು. ನಿಮ್ಮ ವರ್ಕ್‌ಶಾಪ್ ಒಳಗೆ ಎಷ್ಟು ತಿದ್ದಿ ಬಳಸಿದರೂ ಯಾರಿಗೂ ತೋರಿಸಬೇಕಿಲ್ಲ, ಪಕ್ಕದ ವರ್ಕ್‌ಶಾಪ್‌ನವರಿಗೆ ತಿದ್ದಿದ ತಂತ್ರಾಂಶ ಕೊಟ್ಟರೆ ಅದರ ಮೂಲ ಕೋಡನ್ನೂ ಕೊಡಬೇಕು.

ಈ ವಾರ ಒಂದೇ ಮನೆಯಿಂದ ಶುರುಮಾಡಿ, ಮುಹೂರ್ತ ಹತ್ತಿರ ಇರುವ ಮನೆ ಬೇಡ. ಬಿಳಿ ಬೋರ್ಡನ್ನು ತೆಗೆಯಬೇಡಿ. ಎರಡು ತಿಂಗಳು ಎರಡೂ ನಡೆಯಲಿ. ಹೊಸ ಕಂಪ್ಯೂಟರ್ ಕೊಳ್ಳುವ ದುಡ್ಡು ಉಳಿಯಿತಲ್ಲ, ಅದರಲ್ಲಿ ಸ್ವಲ್ಪ ತೆಗೆದುಕೊಂಡು ಮತ್ತೆ ಎಸ್.ಪಿ. ರಸ್ತೆಗೆ ಹೋಗಿ: ಸರ್ವರ್ ಆಗುವ ಯಂತ್ರದಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದರ ಬದಲು ಚಿಕ್ಕದೊಂದು ಎಸ್‌ಎಸ್‌ಡಿ ಹಾಕಿಸಿ, ಪಕ್ಕದಲ್ಲಿ ಒಂದು ಯುಪಿಎಸ್ ಇಡಿ. ವೈಫೈ ರೂಟರ್‌ಗೂ ಅದೇ ಯುಪಿಎಸ್‌ನಿಂದ ವೈರ್ ಎಳೆಯಿರಿ. ಅದನ್ನೇ ಎಲ್ಲರೂ ಮರೆಯುತ್ತಾರೆ.